ಉರಿಯುವ ಬಟ್ಟಲಿಗೆ ಕೈ

ಸ್ನ್ಯಾಪ್‌ಡ್ರ್ಯಾಗನ್ ಎಂಬುದು ಇಂಗ್ಲೆಂಡಿನ ಮನೆಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಆಡುತ್ತಿದ್ದ ಆಟ. ಅಗಲವಾದ, ಆಳವಿಲ್ಲದ ಬಟ್ಟಲಲ್ಲಿ ಒಣದ್ರಾಕ್ಷಿ ಹರಡಿ, ಬಿಸಿ ಮಾಡಿದ ಬ್ರಾಂದಿ ಸುರಿದು, ಕೋಣೆಯ ದೀಪಗಳನ್ನೆಲ್ಲ ಆರಿಸಿ ಬೆಂಕಿ ಹಚ್ಚುತ್ತಿದ್ದರು. ಸುತ್ತ ನಿಂತವರು ನೀಲಿ ಉರಿಯೊಳಗೆ ಕೈಹಾಕಿ ದ್ರಾಕ್ಷಿಯನ್ನು ಎತ್ತಬೇಕು. ಅದು ಉರಿಯುತ್ತಿರುವಾಗಲೇ ಬಾಯಿಗೆ ಹಾಕಿಕೊಳ್ಳಬೇಕು. ಆಟಗಾರರಲ್ಲಿ ಚಿಕ್ಕ ಮಕ್ಕಳೂ ಇರುತ್ತಿದ್ದರು.

ಇದರ ಹಳೆಯ ರೂಪ ಫ್ಲ್ಯಾಪ್‌ಡ್ರ್ಯಾಗನ್. 16ನೇ ಶತಮಾನದ ಕೊನೆಯ ಹೊತ್ತಿಗೆ ಶೇಕ್ಸ್‌ಪಿಯರ್ ತನ್ನ ನಾಟಕಗಳಲ್ಲಿ ಇದರ ಹೆಸರೆತ್ತುತ್ತಾನೆ. ಉರಿಯುವ ಮೋಂಬತ್ತಿಯ ತುಂಡನ್ನು ತೇಲಿಬಿಟ್ಟು ಮದ್ಯ ಕುಡಿಯುವ ಪುಂಡರ ಪಂತವೂ ಅದೇ ಹೆಸರಿನದು. ಹೆಂಡದಂಗಡಿಯ ಈ ಹುಂಬತನ ಮುಂದೆ ಸಭ್ಯರ ಮನೆಯ ಹಬ್ಬದಾಟವಾಯಿತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ ಅದಕ್ಕೆ ಅರ್ಥ ಬರೆಯುತ್ತ, ಉರಿಯುವ ಬ್ರಾಂದಿಯಿಂದ ಒಣದ್ರಾಕ್ಷಿ ಹಿಡಿದು, ಬಾಯಿ ಮುಚ್ಚಿ ಉರಿ ಆರಿಸಿ ತಿನ್ನುವ ಆಟ ಎಂದಿದ್ದಾನೆ. ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯ ಕ್ರಿಸ್‌ಮಸ್‌ನಲ್ಲೂ ಈ ಆಟವಿದೆ.

ಜಾನ್ಸನ್ ಮಾತಿನಲ್ಲಿ ಹುರುಳಿದೆ. ತುಟಿ ಮುಚ್ಚಿದೊಡನೆ ಉರಿಗೆ ಗಾಳಿ ಸಿಗದೆ ಅದು ಆರಿಹೋಗುತ್ತದೆ. ಬ್ರಾಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ದ್ರಾಕ್ಷಿ ಒಳಗೆ ಅಷ್ಟೇನೂ ಕಾದಿರುವುದಿಲ್ಲ. ತಣ್ಣಗಿದ್ದರೆ ಬ್ರಾಂದಿ ಸುಲಭವಾಗಿ ಹೊತ್ತುವುದಿಲ್ಲ. ಮೊದಲೇ ಬಿಸಿ ಮಾಡುತ್ತಿದ್ದುದು ಅದಕ್ಕೇ. ಈ ಬಟ್ಟಲನ್ನು ವಿಜ್ಞಾನದ ಪಾಠಕ್ಕೆ ತಂದವನು ಮೈಕೇಲ್ ಫ್ಯಾರಡೆ. 1860ರ ಕ್ರಿಸ್‌ಮಸ್ ವೇಳೆಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗೆ ಮೋಂಬತ್ತಿಯ ರಸಾಯನಶಾಸ್ತ್ರ ಹೇಳುತ್ತ ಅವನು ಅಲ್ಲೇ ಬ್ರಾಂದಿಗೆ ಬೆಂಕಿ ಹಚ್ಚಿ ತೋರಿಸಿದ. ಅವನ ವಿವರಣೆಯಲ್ಲಿ ಬ್ರಾಂದಿ ಎಣ್ಣೆ, ದ್ರಾಕ್ಷಿಗಳೇ ಬತ್ತಿ. ಬಟ್ಟಲಿನ ಅಂಚು ದಾಟಿ ನುಗ್ಗುವ ಗಾಳಿ ಒಂದೇ ಸಮನೆ ಹರಿಯಲಾರದೆ ಉರಿಯನ್ನು ಹಲವು ನಾಲಗೆಗಳಾಗಿ ಸೀಳುತ್ತದೆ. ನೋಡುವವರಿಗೆ ಅಷ್ಟೂ ಪುಟ್ಟ ಪುಟ್ಟ ದೀಪಗಳು.

ಆಟದ ಸೊಗಸು ಗೆಲುವಿನಲ್ಲಿರಲಿಲ್ಲ. ಬೆಳಕೆಂದರೆ ಬಟ್ಟಲಿನ ಉರಿಯೊಂದೇ. ಅದರಲ್ಲಿ ನೆಂಟರಿಷ್ಟರ ಮುಖಗಳು ದೆವ್ವಗಳಂತೆ ಕಾಣುವುದೇ ಮಜಾ ಎಂಬ ಅರ್ಥದ ಮಾತನ್ನು ರಿಚರ್ಡ್ ಸ್ಟೀಲ್ 18ನೇ ಶತಮಾನದ ಆರಂಭದಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಬರೆದಿದ್ದ.

ಅಪಾಯವಿದ್ದದ್ದು ಬಾಯಿಗಿಂತ ಹೆಚ್ಚಾಗಿ ಬಟ್ಟೆಗೆ. ಆತುರದ ಕೈಯಿಂದ ಉರಿಯುವ ಹನಿ ಮೇಜಿನ ಮೇಲೋ ತೋಳಿನ ಮೇಲೋ ಸಿಡಿಯಬಹುದಿತ್ತು. 19ನೇ ಶತಮಾನದ ನಡುವಿನಲ್ಲಿ ಹೆಂಗಸರು ತೊಡುತ್ತಿದ್ದ ತೆಳು ಬಟ್ಟೆಯ ಅಗಲ ಲಂಗಗಳಿಗೆ ಒಲೆಯ ಕಿಡಿ, ಮೋಂಬತ್ತಿ ತಗಲಿ ಸಾವುಗಳು ಸಂಭವಿಸುತ್ತಿದ್ದ ಕಾಲವದು. ಅಂಥ ಕೋಣೆಯಲ್ಲಿ ಬೆಂಕಿಯ ಬಟ್ಟಲಿಟ್ಟು, ದೀಪ ಆರಿಸಿ, ಮಕ್ಕಳನ್ನು ಸುತ್ತ ನಿಲ್ಲಿಸುತ್ತಿದ್ದರೆಂದರೆ ಅಚ್ಚರಿಯೇ.

20ನೇ ಶತಮಾನದಲ್ಲಿ ಆಟ ಮರೆಗೆ ಸರಿಯಿತು. ಅಗಾಥಾ ಕ್ರಿಸ್ಟಿ 1969ರ ‘ಹ್ಯಾಲೋವೀನ್ ಪಾರ್ಟಿ’ಯಲ್ಲಿ ಇದನ್ನು ಮತ್ತೆ ತಂದಳು. ಅಲ್ಲಿ ಎಲ್ಲರ ಕಣ್ಣು ಉರಿಯುವ ಬಟ್ಟಲಿನ ಮೇಲಿರುವಾಗ, ಸೇಬಿನ ಆಟಕ್ಕೆ ನೀರು ತುಂಬಿಟ್ಟ ಬಕೆಟ್‌ನಲ್ಲಿ ಮುಳುಗಿಸಿ ಒಬ್ಬ ಹುಡುಗಿಯನ್ನು ಕೊಲ್ಲಲಾಗುತ್ತದೆ.