ಎಳೆಯ ವಯಸ್ಸಿನಲ್ಲೇ ಏರುವ ರಕ್ತದೊತ್ತಡ: ಅಪಾಯಕಾರಿ ಅಂಶಗಳು

ಹರಿಯುವ ರಕ್ತವು ರಕ್ತನಾಳಗಳ ಭಿತ್ತಿಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ. ಹೃದಯ ಕುಗ್ಗಿದಾಗಿನದು ಮೇಲಿನ ಅಂಕೆ, ವಿರಮಿಸಿದಾಗಿನದು ಕೆಳಗಿನದು. 120/80ಕ್ಕಿಂತ ಕಡಿಮೆಯಿದ್ದರೆ ಸಹಜ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ಅದು ಅಧಿಕ ರಕ್ತದೊತ್ತಡ. ಎರಡರಲ್ಲಿ ಒಂದು ಅಂಕೆ ಏರಿದ್ದರೂ ಸಾಕು. ಯುವಜನರಲ್ಲಿ ಎಷ್ಟೋ ಸಲ ಏರುವುದು ಕೆಳಗಿನ ಅಂಕೆ ಮಾತ್ರ.

‘ಬಿ.ಪಿ. ಮುದುಕರ ಕಾಯಿಲೆ’ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಸರ್ಕಾರದ ತಪಾಸಣಾ ಕಾರ್ಯಕ್ರಮವೂ ಮುಖ್ಯವಾಗಿ 30 ವರ್ಷ ದಾಟಿದವರನ್ನೇ ಉದ್ದೇಶಿಸಿದೆ. ಹೀಗಾಗಿ ಶಾಲೆ ಬಿಟ್ಟು ಕಾಲೇಜಿಗೋ ಕೆಲಸಕ್ಕೋ ಹೋಗುವ ಮಕ್ಕಳ ಒತ್ತಡವನ್ನು ಅಳೆಯುವವರೇ ವಿರಳ. ಬಹುತೇಕರಲ್ಲಿ ಯಾವ ಲಕ್ಷಣವೂ ಕಾಣದು. ತಲೆನೋವು ಬರಲೆಂದು ಕಾಯುವುದು ತಪ್ಪು.

ಅಪಾಯಕಾರಿ ಅಂಶಗಳಲ್ಲಿ ಉಪ್ಪನ್ನು ಮೊದಲು ಹೇಳಬೇಕು. ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ, ಉಪ್ಪು ಸಾಕು. ಕಾಸರಗೋಡಿನ ಒಣಮೀನು, ಎಲ್ಲೆಡೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಕ್ಕಳ ಕೈಯಲ್ಲಿನ ಚಿಪ್ಸ್ ಪೊಟ್ಟಣ ಇವೆಲ್ಲ ಸೇರಿದರೆ ಆ ಚಮಚ ಬೇಗ ತುಂಬುತ್ತದೆ. ಬೇಕರಿ ಬ್ರೆಡ್ಡಿನಲ್ಲೂ ಉಪ್ಪಿದೆ, ನಾಲಿಗೆಗೆ ಗೊತ್ತಾಗದಷ್ಟೇ. ಹಣ್ಣು, ಸೊಪ್ಪು, ಕಾಳುಗಳಲ್ಲಿನ ಪೊಟ್ಯಾಸಿಯಂ ಇದಕ್ಕೆ ಪ್ರತಿಯಾಗಿ ಕೆಲಸಮಾಡುತ್ತದೆ.

ಹೊಟ್ಟೆಯ ಸುತ್ತ ಬೆಳೆದ ಬೊಜ್ಜು, ಕುಳಿತಲ್ಲೇ ಕಳೆಯುವ ದಿನ, ಮದ್ಯ, ತಂಬಾಕು (ಗುಟ್ಕಾ ಸಹ), ಮೊಬೈಲಿಗೆ ಬಲಿಯಾದ ನಿದ್ರೆ ಇನ್ನುಳಿದ ಅಂಶಗಳು. ತಂದೆತಾಯಿಗೆ ಬಿ.ಪಿ. ಇದ್ದರೆ ಮಕ್ಕಳಿಗೂ ಸಾಧ್ಯತೆ ಹೆಚ್ಚು. ಚಿಕ್ಕ ವಯಸ್ಸಿನಲ್ಲೇ ಒತ್ತಡ ತೀರ ಏರಿದ್ದರೆ ಮೂತ್ರಪಿಂಡದ ದೋಷವಿದೆಯೇ ಎಂದು ವೈದ್ಯರು ನೋಡುತ್ತಾರೆ. ಕೆಲವು ನೋವಿನ ಮಾತ್ರೆ, ಸ್ಟೆರಾಯ್ಡ್, ಗರ್ಭನಿರೋಧಕ ಗುಳಿಗೆಗಳೂ ಕಾರಣವಾಗಬಹುದು. ಸೇವಿಸುತ್ತಿದ್ದರೆ ಮುಚ್ಚಿಡದೆ ತಿಳಿಸಬೇಕು. ಗರ್ಭಾವಸ್ಥೆಯಲ್ಲಿ ಬಿ.ಪಿ. ಏರಿದ್ದ ತಾಯಂದಿರು ಹೆರಿಗೆಯ ನಂತರವೂ ವರ್ಷಕ್ಕೊಮ್ಮೆ ಅಳೆಸಿಕೊಳ್ಳುವುದು ಒಳಿತು.

ಹದಿನೆಂಟು ತುಂಬಿದ ಎಲ್ಲರೂ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳೆಸಿಕೊಳ್ಳಬಹುದು. ಅದಕ್ಕೂ ಅರ್ಧ ಗಂಟೆ ಮೊದಲಿನಿಂದ ಕಾಫಿ, ಚಹಾ, ಬೀಡಿ ಬೇಡ. ಐದು ನಿಮಿಷ ಬೆನ್ನೊರಗಿಸಿ ಮೌನವಾಗಿ ಕುಳಿತಿರಬೇಕು. ಚೀಟಿ ಮಲಯಾಳದಲ್ಲಿರಲಿ, ತಮಿಳು, ಮರಾಠಿ, ತೆಲುಗಿನಲ್ಲಿರಲಿ, ಆ ಎರಡು ಅಂಕೆಗಳನ್ನು ದಿನಾಂಕದೊಡನೆ ಮನೆಯ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ. ಅಳತೆ 180/120 ಮುಟ್ಟಿ, ಜೊತೆಗೆ ಎದೆನೋವು, ಉಸಿರುಕಟ್ಟುವಿಕೆ ಅಥವಾ ದೃಷ್ಟಿ ಮಂಜಾಗುವುದು ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.