ಆಗಸದಲ್ಲಿ ಇಂಧನ ತುಂಬುವ ದಳ: ಭಾರತೀಯ ವಾಯುಪಡೆಯ 78ನೇ ಸ್ಕ್ವಾಡ್ರನ್

ಹಾರುತ್ತಿರುವ ಯುದ್ಧವಿಮಾನಕ್ಕೆ ಹಾರುತ್ತಲೇ ಇಂಧನ ತುಂಬಿಸುವ ಕೆಲಸಕ್ಕೆಂದು ಭಾರತೀಯ ವಾಯುಪಡೆ ಕಟ್ಟಿದ ದಳ. ನೆಲೆ ಉತ್ತರ ಪ್ರದೇಶದ ಆಗ್ರಾ. 2003ರಲ್ಲಿ ಕೆಲಸ ಆರಂಭಿಸಿತು. ಬಳಸುವ ವಿಮಾನ ಇಲ್ಯೂಷಿನ್-78 ಎಂಕೆಐ. ವಾಯುಪಡೆಯೊಳಗೆ ಇದನ್ನು ‘ಮಾರ್ಸ್’ ಎಂಬ ಚುಟುಕು ಹೆಸರಿನಿಂದ ಕರೆಯುತ್ತಾರೆ. ದಳ ಆಗ್ರಾದ್ದಾದರೂ ಅದರ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು: ಆ ಇಂಧನವನ್ನು ಕುಡಿಯುವ ವಿಮಾನಗಳಲ್ಲಿ ಹಲವು ಬೆಂಗಳೂರಿನಲ್ಲಿ ರೂಪುಗೊಂಡವು, ಅವುಗಳ ಪೈಲಟ್‌ಗಳಲ್ಲಿ ಅನೇಕರು ಕಲಬುರಗಿ ಜಿಲ್ಲೆಯ ಚಿಂಚೋಳಿಯ ನೆರೆಯ ಬೀದರ್‌ನಲ್ಲಿ ಕಲಿತವರು.

ಇಂಥ ದಳ ಏಕೆ ಬೇಕು ಎಂಬುದನ್ನು ಕಲಬುರಗಿ ಜಿಲ್ಲೆಯವರಿಗೆ ವಾಡಿ ಜಂಕ್ಷನ್ನಿನ ನೆನಪಿನಿಂದಲೇ ಹೇಳಬಹುದು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಓಡತೊಡಗಿತು. ಚಿತ್ತಾಪುರ, ಸೇಡಂ ಆ ದಾರಿಯ ಊರುಗಳು. ಉಗಿಬಂಡಿಯ ಕಾಲದಲ್ಲಿ ಬಂಡಿ ಎಷ್ಟು ದೂರ ಹೋದೀತು ಎಂಬುದನ್ನು ಇಂಜಿನ್ನಿನ ಬಲಕ್ಕಿಂತ ಹೆಚ್ಚಾಗಿ ನೀರು, ಕಲ್ಲಿದ್ದಲು ಸಿಗುವ ನಿಲ್ದಾಣಗಳೇ ತೀರ್ಮಾನಿಸುತ್ತಿದ್ದವು. ಯುದ್ಧವಿಮಾನದ ಪಾಡೂ ಅದೇ. ಅದರ ಹೊಟ್ಟೆ ಚಿಕ್ಕದು, ದಾಹ ದೊಡ್ಡದು. ಆದರೆ ಅದಕ್ಕೆ ದಾರಿಯಲ್ಲಿ ನಿಲ್ಲಲು ಬರುವುದಿಲ್ಲ. ನಿಲ್ದಾಣವೇ ಅದರ ಜೊತೆ ಹಾರಬೇಕು.

ಈ ಯೋಚನೆ ಹಳೆಯದು. 1923ರ ಜೂನ್ 27ರಂದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸೇನೆಯ ಎರಡು ಡಿಎಚ್-4ಬಿ ವಿಮಾನಗಳ ನಡುವೆ ರಬ್ಬರ್ ಪೈಪು ಇಳಿಬಿಟ್ಟು ಪೆಟ್ರೋಲ್ ದಾಟಿಸಿದರು. ಕೆಳಗಿನ ವಿಮಾನದಲ್ಲಿದ್ದವನು ತೂಗಾಡುವ ಪೈಪನ್ನು ಕೈಯಿಂದಲೇ ಹಿಡಿಯಬೇಕಿತ್ತು. 1949ರಲ್ಲಿ ‘ಲಕ್ಕಿ ಲೇಡಿ-2’ ಎಂಬ ಬಾಂಬರ್ ವಿಮಾನ ಎಲ್ಲೂ ಇಳಿಯದೆ 94 ಗಂಟೆಗಳಲ್ಲಿ ಭೂಮಿಯನ್ನು ಸುತ್ತಿತು. ಬ್ರಿಟನ್ನಿನಲ್ಲಿ ಅಲನ್ ಕಾಬಮ್ ಅವರ ಕಂಪನಿ ಅದೇ ಹೊತ್ತಿಗೆ ರೂಪಿಸಿದ ಪ್ರೋಬ್–ಡ್ರೋಗ್ ವಿಧಾನವನ್ನೇ ಇಂದು ಭಾರತ ಬಳಸುತ್ತಿದೆ. ಈ ಕೆಲಸ ಎಷ್ಟು ದುಬಾರಿ ಎಂಬುದಕ್ಕೆ 1982ರ ಫಾಕ್‌ಲ್ಯಾಂಡ್ ಯುದ್ಧ ಸಾಕ್ಷಿ. ಅಸೆನ್ಷನ್ ದ್ವೀಪದಿಂದ ಹೊರಟ ಒಂದೇ ಒಂದು ವಲ್ಕನ್ ಬಾಂಬರ್ ಗುರಿ ಮುಟ್ಟಿ ಮರಳಲು ಹನ್ನೊಂದು ವಿಕ್ಟರ್ ಟ್ಯಾಂಕರ್‌ಗಳು ಏಳಬೇಕಾಯಿತು; ಟ್ಯಾಂಕರ್‌ಗಳಿಗೇ ಟ್ಯಾಂಕರ್‌ಗಳು ಇಂಧನ ಕೊಡಬೇಕಾಯಿತು.

ಕೆಲಸದ ಬಗೆ

ಇಲ್ಯೂಷಿನ್-78, ನಾಲ್ಕು ಇಂಜಿನ್ನಿನ ಭಾರೀ ವಿಮಾನ. ಎರಡು ರೆಕ್ಕೆಗಳಡಿ ಒಂದೊಂದು, ಬಾಲದ ಹತ್ತಿರ ಒಂದು, ಹೀಗೆ ಮೂರು ಕಡೆಯಿಂದ ಉದ್ದನೆಯ ಪೈಪುಗಳನ್ನು ಹೊರಬಿಡುತ್ತದೆ. ಪೈಪಿನ ತುದಿಯಲ್ಲಿ ಬುಟ್ಟಿಯಾಕಾರದ ಡ್ರೋಗ್ ಇರುತ್ತದೆ. ಹಿಂದಿನಿಂದ ಬರುವ ಯುದ್ಧವಿಮಾನದ ಮೂತಿಯ ಪಕ್ಕದಲ್ಲಿ ಚಾಚಿಕೊಂಡಿರುವ ಕೊಳವೆಯೇ ಪ್ರೋಬ್. ಆ ಕೊಳವೆಯನ್ನು ಈ ಬುಟ್ಟಿಯೊಳಗೆ ತೂರಿಸಬೇಕು. ಹೇಳಲು ಇಷ್ಟೇ. ಆದರೆ ಹತ್ತಿರ ಬಂದ ವಿಮಾನ ತಳ್ಳುವ ಗಾಳಿಗೇ ಬುಟ್ಟಿ ಪಕ್ಕಕ್ಕೆ ಸರಿಯುತ್ತದೆ. ಮೆಲ್ಲಗೆ ಹೋದರೆ ಬೀಗ ಕೂರುವುದಿಲ್ಲ. ರಭಸದಿಂದ ಹೋದರೆ ಪೈಪು ಚಾಟಿಯಂತೆ ಬೀಸಿ ಕೊಳವೆಯನ್ನೇ ಮುರಿಯಬಹುದು. ಬುಟ್ಟಿಯನ್ನೇ ದಿಟ್ಟಿಸಬೇಡ, ಟ್ಯಾಂಕರ್‌ನ ಮೈಯನ್ನು ನೋಡಿ ನಿನ್ನ ಜಾಗ ಹಿಡಿ ಎಂಬುದು ಕಲಿಯುವವರಿಗೆ ಹೇಳುವ ಮೊದಲ ಪಾಠ. ರಾತ್ರಿಯಲ್ಲಿ, ಮೋಡದಂಚಿನಲ್ಲಿ ಇದನ್ನು ಮಾಡುವವರ ಸಂಯಮವನ್ನು ನೆನೆದರೆ ಗೌರವ ಮೂಡುತ್ತದೆ.

ಲಾಭ ದೂರದ್ದು ಮಾತ್ರವಲ್ಲ. ಲೇಹ್‌ನಂಥ ಎತ್ತರದ ನೆಲೆಯಲ್ಲಿ ಗಾಳಿ ತೆಳು. ತುಂಬಿದ ಟ್ಯಾಂಕು, ತುಂಬಿದ ಶಸ್ತ್ರ ಎರಡನ್ನೂ ಹೊತ್ತು ವಿಮಾನ ಏಳಲಾರದು. ಇಂಧನ ಕಡಿಮೆ ಇಟ್ಟು, ಶಸ್ತ್ರ ಹೆಚ್ಚು ಹೊತ್ತು ಎದ್ದು, ಮೇಲೆ ಹೋಗಿ ಹೊಟ್ಟೆ ತುಂಬಿಸಿಕೊಳ್ಳುವುದು ಅಲ್ಲಿ ದಾರಿ.

ಭಾರತದಲ್ಲಿ

ಉಜ್ಬೇಕಿಸ್ತಾನದ ತಾಷ್ಕೆಂಟ್‌ನಲ್ಲಿ ತಯಾರಾದ ಆರು ಟ್ಯಾಂಕರ್‌ಗಳು 2003–04ರಲ್ಲಿ ಭಾರತಕ್ಕೆ ಬಂದವು. ಬಂದ ಮರುವರ್ಷವೇ ದಳ ತನ್ನ ಕಸುಬು ತೋರಿಸಿತು. 2004ರ ಜುಲೈಯಲ್ಲಿ ಜಾಗ್ವಾರ್ ವಿಮಾನಗಳು ಈ ಟ್ಯಾಂಕರ್‌ಗಳ ಜೊತೆ ಅಮೆರಿಕದ ಅಲಾಸ್ಕಾವರೆಗೆ ಹಾರಿ ಅಲ್ಲಿನ ಸಮರಾಭ್ಯಾಸದಲ್ಲಿ ಪಾಲ್ಗೊಂಡವು. 2008ರಲ್ಲಿ ಸುಖೋಯ್-30ಗಳು ‘ರೆಡ್ ಫ್ಲಾಗ್’ ಅಭ್ಯಾಸಕ್ಕೆ ಅಮೆರಿಕ ತಲುಪಿದ್ದೂ ಹೀಗೆಯೇ.

ಬೆಂಗಳೂರಿನ ಪಾಲು ಇಲ್ಲಿ ಸ್ಪಷ್ಟವಾಗುತ್ತದೆ. ಜಾಗ್ವಾರ್‌ಗಳನ್ನು ಪರವಾನಗಿ ಪಡೆದು ಕಟ್ಟಿದ್ದು ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್. ಅದೇ ನಗರದ ವಾಯುಗಾಮಿ ವ್ಯವಸ್ಥೆಗಳ ಕೇಂದ್ರ ರೂಪಿಸಿದ ‘ನೇತ್ರ’ ಕಣ್ಗಾವಲು ವಿಮಾನವನ್ನು 2017ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಗೆ ಒಪ್ಪಿಸಲಾಯಿತು. ಅದರ ನೆತ್ತಿಯ ಮೇಲೂ ಪ್ರೋಬ್ ಇದೆ. ಹತ್ತು ನಿಮಿಷ ಇಂಧನ ತುಂಬಿಸಿಕೊಂಡರೆ ಮತ್ತೆ ನಾಲ್ಕು ಗಂಟೆ ಹಾರಬಲ್ಲದು ಎಂದು ವಾಯುಪಡೆ ಹೇಳಿತು. 2019ರ ಫೆಬ್ರವರಿ 26ರ ಬಾಲಾಕೋಟ್ ದಾಳಿಯಲ್ಲಿ ಮಿರಾಜ್‌ಗಳಿಗೆ ಬೆಂಬಲವಾಗಿ ನೇತ್ರವೂ ಇಲ್ಯೂಷಿನ್ ಟ್ಯಾಂಕರೂ ಆಕಾಶದಲ್ಲಿದ್ದವು.

ಇವೆಲ್ಲಕ್ಕಿಂತ ಮುಖ್ಯ ದಿನ 2018ರ ಸೆಪ್ಟೆಂಬರ್ 10. ಆ ಬೆಳಿಗ್ಗೆ ವಿಂಗ್ ಕಮಾಂಡರ್ ಸಿದ್ಧಾರ್ಥ ಸಿಂಗ್ ನಡೆಸುತ್ತಿದ್ದ ತೇಜಸ್ ಯುದ್ಧವಿಮಾನ ಎಲ್‌ಎಸ್‌ಪಿ-8, ಸುಮಾರು 20,000 ಅಡಿ ಎತ್ತರದಲ್ಲಿ, ಗಂಟೆಗೆ 500 ಕಿ.ಮೀ. ವೇಗದಲ್ಲಿ ಇಲ್ಯೂಷಿನ್ ಟ್ಯಾಂಕರ್‌ನಿಂದ 1,900 ಕೆ.ಜಿ. ಇಂಧನ ಪಡೆಯಿತು. ಅದಕ್ಕೆ ಮೊದಲು ಇಂಧನ ಹರಿಸದೆ ಬರೀ ಕೊಳವೆ ಕೂಡಿಸಿ ನೋಡಿದ್ದರು. ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಯುದ್ಧವಿಮಾನವೊಂದು ಆಗಸದಲ್ಲೇ ಇಂಧನ ಕುಡಿದದ್ದು ಅದೇ ಮೊದಲು. ತೇಜಸ್ ಪೂರ್ಣ ಕಾರ್ಯಾಚರಣೆಗೆ ಅರ್ಹವಾಗಲು ಬೇಕಿದ್ದ ಶಕ್ತಿಗಳಲ್ಲಿ ಇದೂ ಒಂದು. ಹಾಗೆ ಅರ್ಹತೆ ಪಡೆದ ತೇಜಸ್‌ಗಳನ್ನು ಪಡೆದ 18ನೇ ಸ್ಕ್ವಾಡ್ರನ್ 2020ರ ಮೇಯಲ್ಲಿ ಸೂಲೂರಿನಲ್ಲಿ ಮತ್ತೆ ಕೆಲಸಕ್ಕಿಳಿಯಿತು.

ಬೀದರ್‌ನಲ್ಲಿ ಟ್ಯಾಂಕರ್ ಇಲ್ಲ. ಆಗ್ರಾ ಅಲ್ಲಿಂದ ಉತ್ತರಕ್ಕೆ ಸುಮಾರು ಸಾವಿರ ಕಿ.ಮೀ. ಆದರೆ 2008ರ ಫೆಬ್ರವರಿಯಲ್ಲಿ ಹಾಕ್ ತರಬೇತಿ ಜೆಟ್‌ಗಳು ವಾಯುಪಡೆಗೆ ಸೇರಿದ್ದು ಬೀದರ್‌ನಲ್ಲೇ. ಮುಂದೆ ಸುಖೋಯ್, ತೇಜಸ್‌ಗಳಲ್ಲಿ ಕೂರುವ ತರುಣರು ಮತ್ತೊಂದು ವಿಮಾನದ ಪಕ್ಕಕ್ಕೆ ಒತ್ತಾಗಿ, ಅಲುಗದೆ ಹಾರುವುದನ್ನು ಕಲಿಯುವುದು ಇಂಥ ಶಾಲೆಯಲ್ಲಿ. ಡ್ರೋಗ್ ಬುಟ್ಟಿಗೆ ಕೊಳವೆ ತೂರಿಸುವ ಕೈಗೆ ಬುನಾದಿ ಆ ಪಾಠವೇ.

ಮೀಸಲು ಎಂಬ ಪ್ರಶ್ನೆ

ಅಮೆರಿಕದಲ್ಲಿ ಟ್ಯಾಂಕರ್ ಹಾರಿಸುವ ಹೊರೆಯ ದೊಡ್ಡ ಭಾಗವನ್ನು ಮೀಸಲು ಪಡೆ ಮತ್ತು ರಾಷ್ಟ್ರೀಯ ಗಾರ್ಡ್ ಹೊರುತ್ತವೆ. ಇಂಡಿಯಾನಾದ ಗ್ರಿಸಮ್ ನೆಲೆಯ 434ನೇ ಇಂಧನ ಪೂರೈಕೆ ವಿಂಗ್ ಅಂಥದ್ದು. ಅದರ ಸಿಬ್ಬಂದಿಯಲ್ಲಿ ಬಹಳ ಮಂದಿ ಬೇರೆ ಉದ್ಯೋಗದಲ್ಲಿದ್ದುಕೊಂಡೇ ಕೆಸಿ-135 ಹಾರಿಸುವವರು. ಭಾರತವೂ 1952ರಲ್ಲಿ ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯ್ದೆ ಮಾಡಿತ್ತು. ದೆಹಲಿ, ಬೊಂಬಾಯಿ, ಮದರಾಸುಗಳಲ್ಲಿ ನಾಗರಿಕರನ್ನು ತರಬೇತಿಗೊಳಿಸುವ ಸಹಾಯಕ ಸ್ಕ್ವಾಡ್ರನ್‌ಗಳು ಎದ್ದವು. 1970ರ ದಶಕದ ಆರಂಭಕ್ಕೆ ಆ ಪ್ರಯೋಗ ಮುಗಿಯಿತು. ಹೀಗಾಗಿ 78ನೇ ದಳದ ಬೆನ್ನಿಗೆ ನಿಲ್ಲುವ ಎರಡನೇ ಸಾಲು ಇಲ್ಲ.

ಇರುವ ಮೊದಲ ಸಾಲಿನ ಪಾಡೂ ಅಂಕಿಗಳಲ್ಲೇ ಕಾಣುತ್ತದೆ. 2010ರಿಂದ 2016ರವರೆಗೆ ಈ ಟ್ಯಾಂಕರ್‌ಗಳು ಹಾರಲು ಸಿದ್ಧವಿದ್ದ ಪ್ರಮಾಣ ಸರಾಸರಿ ಶೇ. 49 ಎಂದು ಮಹಾಲೇಖಪಾಲರ 2017ರ ವರದಿ ಹೇಳಿತು, ಇರಬೇಕಾದದ್ದು ಶೇ. 70. ಅಂದರೆ ಆರರಲ್ಲಿ ಸುಮಾರು ಮೂರು ಮಾತ್ರ ಸಿದ್ಧವಿದ್ದವು. ಹೊಸ ಟ್ಯಾಂಕರ್‌ಗಾಗಿ ಏರ್‌ಬಸ್ ಎ330 ಮಾದರಿಯನ್ನು ಎರಡು ಬಾರಿ ಆರಿಸಿ, 2010ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಟೆಂಡರ್ ರದ್ದು ಮಾಡಲಾಯಿತು. ವಿಮಾನ ದುಬಾರಿಯೆಂಬುದು ನಿಜ. ಆದರೆ ಕೋಟಿಗಟ್ಟಲೆ ಸುರಿದು ಕೊಂಡ ಯುದ್ಧವಿಮಾನಗಳು ಅರ್ಧದಾರಿಯಲ್ಲೇ ಮರಳುವುದು ಅದಕ್ಕಿಂತ ದುಬಾರಿ. 2020ರ ಜುಲೈಯಲ್ಲಿ ಮೊದಲ ಐದು ರಫೇಲ್‌ಗಳು ಅಂಬಾಲಕ್ಕೆ ಬಂದಾಗ ದಾರಿಯಲ್ಲಿ ಇಂಧನ ಕೊಟ್ಟದ್ದು ಫ್ರಾನ್ಸಿನ ಟ್ಯಾಂಕರ್. 2025ರ ಮಾರ್ಚ್‌ನಲ್ಲಿ ಪೈಲಟ್‌ಗಳ ತರಬೇತಿಗೆಂದು ಮೆಟ್ರಿಯಾ ಎಂಬ ವಿದೇಶಿ ಖಾಸಗಿ ಕಂಪನಿಯ ಕೆಸಿ-135 ಒಂದನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ಪಡೆಯಲು ಒಪ್ಪಂದ ಮಾಡಿಕೊಳ್ಳಲಾಯಿತು.

ಪರಿಹಾರದ ಒಂದು ದಾರಿ ಮತ್ತೆ ಬೆಂಗಳೂರಿಗೇ ಬರುತ್ತದೆ. 2022ರ ಏಪ್ರಿಲ್‌ನಲ್ಲಿ ಎಚ್‌ಎಎಲ್, ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಜೊತೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು. ಹಳೆಯ ಪ್ರಯಾಣಿಕ ವಿಮಾನಗಳನ್ನು ಭಾರತದಲ್ಲೇ ಟ್ಯಾಂಕರ್‌ಗಳಾಗಿ ಮಾರ್ಪಡಿಸುವುದು ಅದರ ಉದ್ದೇಶ. ತೇಜಸ್‌ಗೆ ಕುಡಿಯಲು ಕಲಿಸಿದ ಊರು ಕುಡಿಸುವ ವಿಮಾನವನ್ನೂ ಕಟ್ಟಬೇಕು. ಈ ಒಪ್ಪಂದ ಕಾಗದದಲ್ಲೇ ಉಳಿಯಬಾರದು.