ಖುತ್ಬಾದಲ್ಲಿ ಯಾರ ಹೆಸರು: ಆದಿಲಶಾಹಿ ವಿಜಯಪುರದ ಶಿಯಾ–ಸುನ್ನಿ ರಾಜಕಾರಣ

ಇಂಡಿ, ಸಿಂದಗಿಗಳ ಬಡಗಣಕ್ಕೆ ಭೀಮೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತೆಂಕಣಕ್ಕೆ ಕೃಷ್ಣೆ. ಈ ಎರಡು ಹೊಳೆಗಳ ನಡುವಿನ ಸೀಮೆ ಆದಿಲಶಾಹಿ ರಾಜ್ಯದ ಒಡಲು. ಭೀಮೆಯಾಚೆ ಸೊಲ್ಲಾಪುರಕ್ಕಾಗಿ ಅಹ್ಮದನಗರದೊಡನೆ, ಕೃಷ್ಣೆಯಾಚೆ ರಾಯಚೂರಿಗಾಗಿ ವಿಜಯನಗರದೊಡನೆ ಕಾದಾಟ ನಡೆದಿದ್ದರೆ, ರಾಜಧಾನಿಯೊಳಗಿನ ಜಗಳ ಬೇರೆಯದಾಗಿತ್ತು. ಶುಕ್ರವಾರದ ಪ್ರಾರ್ಥನೆಯ ಪ್ರವಚನವಾದ ಖುತ್ಬಾದಲ್ಲಿ ಸುನ್ನಿಗಳಂತೆ ಖಲೀಫರ ಹೆಸರು ಹೇಳಬೇಕೋ, ಶಿಯಾಗಳಂತೆ ಹನ್ನೆರಡು ಇಮಾಮರ ಹೆಸರೋ?

632ರಲ್ಲಿ ಪ್ರವಾದಿಯ ನಿಧನಾನಂತರ ಹುಟ್ಟಿದ ಉತ್ತರಾಧಿಕಾರದ ಈ ವಿವಾದ ವಿಜಯಪುರದ ರಾಜನೀತಿಯಾದದ್ದು ಪರ್ಷಿಯಾದ ಬೆನ್ನಿಗೆ. 1501ರಲ್ಲಿ ಶಾ ಇಸ್ಮಾಯಿಲ್ ಅಲ್ಲಿ ಶಿಯಾ ಪಂಥವನ್ನು ರಾಜಧರ್ಮವಾಗಿಸಿದ. ಸ್ವಲ್ಪದರಲ್ಲೇ ಯೂಸುಫ್ ಆದಿಲ್ ಶಾ ಇಲ್ಲಿಯೂ ಇಮಾಮರ ಹೆಸರಿನಲ್ಲಿ ಖುತ್ಬಾ ಓದಿಸಿದ. ನೆರೆಯ ಸುಲ್ತಾನರು ದಂಡೆತ್ತಿ ಬಂದಾಗ ಬಿರಾರಿಗೆ ಸರಿದು, ಸುನ್ನಿ ಪದ್ಧತಿಯನ್ನೇ ಮರಳಿ ತರುವಂತೆ ಆಜ್ಞೆ ಕಳಿಸಿದ. ಕೂಟ ಒಡೆದ ಮೇಲೆ ಹಳೆಯ ಹಟಕ್ಕೇ ಮರಳಿದ. ನಂಬಿಕೆಯ ಜೊತೆಗೆ ಲೆಕ್ಕಾಚಾರವೂ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನ್ನ ವಾದವಿಷ್ಟು: ಇಲ್ಲಿ ಪಂಥವೆಂಬುದು ಬಹುಮಟ್ಟಿಗೆ ದರಬಾರಿನ ಎರಡು ಬಣಗಳ ಗುರುತು. ಇರಾನ್ ಕಡೆಯಿಂದ ಬಂದ ಅಫಾಕಿಗಳು ಹೆಚ್ಚಾಗಿ ಶಿಯಾಗಳು. ಈ ನೆಲದಲ್ಲೇ ಬೇರು ಬಿಟ್ಟ ದಖ್ಖನಿಗಳು ಮತ್ತು ಅವರ ಜೊತೆಗಿದ್ದ, ಆಫ್ರಿಕಾ ಮೂಲದ ಹಬಶಿಗಳು ಹೆಚ್ಚಾಗಿ ಸುನ್ನಿಗಳು. ಯೂಸುಫನ ಮಗ ಇಸ್ಮಾಯಿಲ್ ಆದಿಲ್ ಶಾ ತನ್ನ ಸೈನಿಕರಿಗೆ ಹನ್ನೆರಡು ಮೂಲೆಯ ಕೆಂಪು ಟೋಪಿ ತೊಡಿಸಿದ. ಒಂದೊಂದು ಮೂಲೆ ಒಬ್ಬೊಬ್ಬ ಇಮಾಮನಿಗೆ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಆ ಟೋಪಿಯನ್ನು ನಿಷೇಧಿಸಿದ, ಅಫಾಕಿಗಳಲ್ಲಿ ಹೆಚ್ಚಿನವರನ್ನು ನೌಕರಿಯಿಂದ ತೆಗೆದ, ದಫ್ತರದಲ್ಲಿ ಪಾರ್ಸಿಯ ಬದಲು ದೇಶಭಾಷೆಯನ್ನು ತಂದ. ಲೆಕ್ಕಪತ್ರದಲ್ಲಿ ಬ್ರಾಹ್ಮಣರ ಕೈ ಮೇಲಾಯಿತು. ಟೋಪಿ ಹೋದದ್ದಕ್ಕಿಂತ ಈ ಕಡತದ ಬದಲಾವಣೆಯೇ ದೊಡ್ಡದು, ಏಕೆಂದರೆ ಅದು ನೇರ ಊರಗೌಡ, ಕುಲಕರ್ಣಿಗಳವರೆಗೆ ಮುಟ್ಟುವಂಥದು.

1558ರಲ್ಲಿ ಮೊದಲನೆಯ ಅಲಿ ಮತ್ತೆ ಶಿಯಾ ಖುತ್ಬಾ ಓದಿಸಿದ. ಪಂಥ ಒಂದೇ ಆದರೆ ಸ್ನೇಹವೂ ಇರಬೇಕಲ್ಲವೆ? ಹಾಗಾಗಲಿಲ್ಲ. ಶಿಯಾ ಅಹ್ಮದನಗರದ ಮೇಲೆ ಆತ ವಿಜಯನಗರದ ರಾಮರಾಯನ ನೆರವಿನಿಂದಲೇ ದಂಡೆತ್ತಿದ. ಮುಂದೆ ಅಹ್ಮದನಗರದ ರಾಜಕುಮಾರಿ ಚಾಂದಬೀಬಿಯನ್ನು ಮದುವೆಯಾಗಿ, ಅದರೊಂದಿಗೆ ಸೊಲ್ಲಾಪುರ ಕೈಗೆ ಬಂದಾಗ ಮೈತ್ರಿ ತಿರುಗಿತು. ವಿಜಯನಗರದ ವಿರುದ್ಧ 1565ರ ಜನವರಿಯಲ್ಲಿ ನಡೆದ ಯುದ್ಧಕ್ಕೆ ಸುಲ್ತಾನರ ಪಡೆಗಳು ನೆರೆದದ್ದು ತಾಳಿಕೋಟೆಯಲ್ಲಿ. ಈ ಊರು ತೀರ ಇತ್ತೀಚಿನವರೆಗೂ ಮುದ್ದೇಬಿಹಾಳ ತಾಲೂಕಿನಲ್ಲಿತ್ತು. ಆ ಕೂಟದಲ್ಲಿ ಮೂವರು ಶಿಯಾ ಸುಲ್ತಾನರ ಜೊತೆ ಬೀದರಿನ ಸುನ್ನಿ ಬರೀದಶಾಹಿಯೂ ಇತ್ತು.

ಎರಡನೆಯ ಇಬ್ರಾಹಿಂ ಎಳೆಯನಿದ್ದಾಗ ಆಡಳಿತ ಹಿಡಿದ ಹಬಶಿ ಸರದಾರ ದಿಲಾವರ್ ಖಾನ್ ಸುನ್ನಿ ಪದ್ಧತಿಯನ್ನು ನೆಲೆಗೊಳಿಸಿದ. ಆದರೂ ಅದೇ ಇಬ್ರಾಹಿಮನ ಆಸ್ಥಾನದಲ್ಲಿ ಪರ್ಷಿಯಾದಿಂದ ಬಂದ ಜುಹೂರಿ ಕವಿಯಾಗಿದ್ದ, ಫರಿಶ್ತಾ ಇತಿಹಾಸ ಬರೆದ. ಮೇಲಿನ ಕಥನದ ಬಹುಭಾಗಕ್ಕೆ ಆಧಾರ ಈ ಫರಿಶ್ತಾನೇ. ಆತನೂ ಹೊರಗಿನಿಂದ ಬಂದ ಬಣದವನು ಎಂಬುದನ್ನು ನೆನಪಿಟ್ಟೇ ಓದಬೇಕು.

ಅರಮನೆಯ ಈ ಪಂಥದ ಜಗಳ ಹಳ್ಳಿಗೆ ಇಳಿಯಲಿಲ್ಲ. ಇಂದು ಜಿಲ್ಲೆಯ ಮುಸ್ಲಿಮರಲ್ಲಿ ಹೆಚ್ಚಿನವರು ಸುನ್ನಿಗಳು. ಆದರೂ ಕರ್ಬಲಾದಲ್ಲಿ 680ರಲ್ಲಿ ಮಡಿದ, ಪ್ರವಾದಿಯ ಮೊಮ್ಮಗ ಹುಸೇನನನ್ನು ನೆನೆಯುವ ಮೊಹರಂ ಇಲ್ಲಿ ಊರಹಬ್ಬ: ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಪಂಜಾ ಕೂರಿಸುತ್ತಾರೆ, ರಿವಾಯತ ಪದ ಹಾಡುತ್ತ ಹೆಜ್ಜೆ ಹಾಕುತ್ತಾರೆ. ಅದರಲ್ಲಿ ಹಿಂದೂ ಮನೆತನಗಳ ಸೇವೆಯೂ ಇರುತ್ತದೆ. ಆದ್ದರಿಂದ ಈ ಸೀಮೆಯ ಮೊಹರಂ ಅನ್ನು ಶಿಯಾ ಸುಲ್ತಾನರ ಆಳ್ವಿಕೆಯ ಪಳೆಯುಳಿಕೆ ಎಂದು ಮಾತ್ರ ಕರೆಯುವುದು ಇತಿಹಾಸಕ್ಕೆ ನ್ಯಾಯವಲ್ಲ; ಸುಲ್ತಾನರ ಪಂಥ ಹಲವು ಸಲ ಬದಲಾದರೂ ಹಬ್ಬವನ್ನು ಉಳಿಸಿಕೊಂಡವರು ಊರಿನವರು.